ಸೋದರಮಾವನ ಹಕ್ಕುದಾರರು

ನಮ್ಮ ಅಮ್ಮ ತನ್ನ 57ನೆಯ ವಯಸ್ಸಿನಲ್ಲಿ ಮೊದಲ ಬಾರಿಗೆ ಸಾಕ್ಷಿಕಟ್ಟೆ ಏರಿದಳು. ಜಿಲ್ಲೆಯ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ವಿಮಾ ಕಂಪೆನಿಯ ಪರವಾಗಿ ನಿಂತಿದ್ದ ವಕೀಲರ ಕೈಯಲ್ಲಿ ನಮ್ಮ ಮನೆಯ ರೇಷನ್ ಕಾರ್ಡಿನ ಪ್ರತಿಯಿತ್ತು. "ಈ ಕಾರ್ಡಿನ ಯಜಮಾನಿ ನೀವೇ ಅಲ್ಲವೆ?" ಎಂದು ಅವರು ಕೇಳಿದರು. ಅಮ್ಮ ಹೌದೆಂದಳು. "ಹಾಗಾದರೆ ಮನೆಯ ಮುಖ್ಯಸ್ಥೆ ನೀವು. ತೀರಿಕೊಂಡವರು ನಿಮ್ಮ ಕಾರ್ಡಿನಲ್ಲಿ ಒಬ್ಬ ಸದಸ್ಯರು ಮಾತ್ರ. ನೀವು ಅವರನ್ನು ಅವಲಂಬಿಸಿದ್ದಿರೋ, ಅವರು ನಿಮ್ಮನ್ನೋ?"

ಗೋಡೆಯ ಬದಿಯ ಬೆಂಚಿನಲ್ಲಿ ಕುಳಿತಿದ್ದ ನಾವು ಮೂವರು ಮಕ್ಕಳು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡೆವು. ಆ ಪ್ರಶ್ನೆಯಲ್ಲಿ ಸುಳ್ಳೇನೂ ಇರಲಿಲ್ಲ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಮನೆಯ ಹಿರಿಯ ಹೆಂಗಸಿನ ಹೆಸರಿನಲ್ಲಿಯೇ ಕಾರ್ಡು ಬರಬೇಕು. ಹೊಸ ಕಾರ್ಡು ಬಂದಂದು ಅದನ್ನು ತಂದು ಅಮ್ಮನ ಕೈಯಲ್ಲಿಟ್ಟು, "ಇಕೋ, ಇನ್ನು ನೀನೇ ಯಜಮಾನಿ" ಎಂದು ನಕ್ಕವರು ಮಾವನೇ. ಆ ನಗೆ ಮುಂದೊಂದು ದಿನ ಪಾಟೀಸವಾಲಿನ ಅಸ್ತ್ರವಾಗುವುದೆಂದು ಯಾರು ಎಣಿಸಿದ್ದರು?

ಮಾವ ಎಂದರೆ ಅಮ್ಮನ ಅಣ್ಣ, ನಮ್ಮ ಸೋದರಮಾವ. ಮದುವೆಯಾಗಿರಲಿಲ್ಲ. ನಮ್ಮ ಅಪ್ಪ ತೀರಿಕೊಂಡಾಗ ನಮ್ಮಲ್ಲಿ ಹಿರಿಯವಳಿಗೆ ಒಂಬತ್ತು ವರ್ಷ, ಕಿರಿಯವನು ಇನ್ನೂ ತೊಟ್ಟಿಲಲ್ಲಿದ್ದ. ಅಪ್ಪನ ಮನೆಯಿಂದ ನಮ್ಮನ್ನು ತವರಿಗೆ ಕರೆತಂದವರು ಮಾವ. ಹೆದ್ದಾರಿಯ ಬದಿಯಲ್ಲಿ ಅವರದೊಂದು ಜೀನಸಿನ ಅಂಗಡಿಯಿತ್ತು. ಮನೆಯ ಹಿಂದೆ ಒಂದಿಷ್ಟು ಅಡಿಕೆ ತೋಟ. ಈ ಎರಡರ ಆದಾಯದಲ್ಲಿ ನಮ್ಮ ಶಾಲೆ, ಕಾಲೇಜು, ಹಿರಿಯವಳ ಮದುವೆ ಎಲ್ಲವೂ ನಡೆದವು. 2018ರ ಜುಲೈಯ ಒಂದು ಮಳೆಯ ಸಂಜೆ ಅಂಗಡಿಯ ಬಾಗಿಲು ಹಾಕಿ ಸ್ಕೂಟರಿನಲ್ಲಿ ಬರುತ್ತಿದ್ದ ಅವರಿಗೆ ಕುಂಬಳೆ ಸಮೀಪ ಹಿಂದಿನಿಂದ ಬಂದ ಲಾರಿ ಬಡಿಯಿತು. ನಮ್ಮ ಕಡೆಯವರೆಲ್ಲ ಮಾಡುವಂತೆ ತಲಪಾಡಿ ದಾಟಿ ಮಂಗಳೂರಿಗೆ ಒಯ್ದೆವು. ಮೂರನೆಯ ದಿನ ಅಲ್ಲಿಯೇ ತೀರಿಕೊಂಡರು. ಅವರಿಗೆ 58 ವರ್ಷ.

ಪರಿಹಾರಕ್ಕೆ ಅರ್ಜಿ ಹಾಕುವ ಮಾತನ್ನು ಮೊದಲು ಎತ್ತಿದವರು ನೆರೆಯವರು. "ಅಣ್ಣನನ್ನು ಮಾರಿ ಉಣ್ಣುವುದೆ?" ಎಂದು ಅಮ್ಮ ಒಳಗೆ ಹೋಗಿಬಿಟ್ಟಳು. ನಮಗೂ ಸಂಕೋಚವೇ ಆಯಿತು. ಅಷ್ಟರಲ್ಲಿ ಸಹಕಾರಿ ಸಂಘವೊಂದರಿಂದ ನೋಟೀಸು ಬಂತು. ಹಿರಿಯವಳ ಮದುವೆಗೆಂದು ಮಾವ ತೋಟವನ್ನು ಅಡವಿಟ್ಟು ಸಾಲ ತೆಗೆದಿದ್ದರು, ನಮಗಾರಿಗೂ ತಿಳಿಸಿರಲಿಲ್ಲ. ನೋಟೀಸಿನಲ್ಲಿ ನಮ್ಮೆಲ್ಲರ ಹೆಸರುಗಳೂ ಇದ್ದವು. ಸಾಲವೊಂದೇ ನಮ್ಮನ್ನು ಅವರ ವಾರಸುದಾರರೆಂದು ಯಾವ ತಕರಾರೂ ಇಲ್ಲದೆ ಒಪ್ಪಿಕೊಂಡಿತ್ತು. ಬಡ್ಡಿಯ ಲೆಕ್ಕ ನೋಡಿದ ಮೇಲೆ ಅಮ್ಮ ವಕೀಲರಲ್ಲಿಗೆ ಬರಲು ಒಪ್ಪಿದಳು.

ನಮ್ಮ ವಕೀಲರು ಮಲಯಾಳಿ, ತಾಳ್ಮೆಯ ಮನುಷ್ಯ. ಅವರು ಮೊದಲು ಕೇಳಿದ್ದು ಒಂದೇ: "ಹೆಂಡತಿ ಮಕ್ಕಳಿಲ್ಲವೆ? ತಾಯಿ?" ನಮ್ಮ ಅಜ್ಜಿ 2009ರಲ್ಲಿಯೇ ಹೋಗಿದ್ದರು. ವಕೀಲರು ಪೆನ್ನು ಕೆಳಗಿಟ್ಟು, ಕಾನೂನು ಒಬ್ಬ ಮನುಷ್ಯನ ಕುಟುಂಬವನ್ನು ಎಷ್ಟು ಬಗೆಯಲ್ಲಿ ಎಣಿಸುತ್ತದೆಂಬುದನ್ನು ವಿವರಿಸಿದರು. ಅಂದು ಕೇಳಿದ್ದು, ಮುಂದೆ ಐದು ವರ್ಷ ಅವರ ಕಚೇರಿಯ ಮೆಟ್ಟಿಲು ಹತ್ತಿ ಇಳಿದು ತಿಳಿದದ್ದು, ಎರಡನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇವೆ. ಈ ಗಡಿನಾಡಿನಲ್ಲಿ ನಮ್ಮಂಥ ಮನೆಗಳು ಇನ್ನೂ ಇವೆ.

ಇನ್ನೊಬ್ಬರ ತಪ್ಪಿನಿಂದ ಮನುಷ್ಯ ಸತ್ತರೆ ಅವನ ಕಡೆಯವರು ಪರಿಹಾರ ಕೇಳಬಹುದೆಂಬ ಕಾನೂನು ಇಂಗ್ಲೆಂಡಿನಲ್ಲಿ ಬಂದದ್ದು 1846ರಲ್ಲಿ. ಅದಕ್ಕೆ ಮೊದಲು, ಪೆಟ್ಟು ತಿಂದವನು ಬದುಕಿದ್ದರೆ ದಾವೆ ಉಂಟು, ಸತ್ತರೆ ದಾವೆಯೂ ಅವನೊಡನೆ ಸತ್ತಿತು ಎಂಬುದೇ ಅಲ್ಲಿಯ ನಿಯಮ. ಅದರ ಮಾದರಿಯಲ್ಲಿ ನಮ್ಮಲ್ಲಿ 1855ರ ಮಾರಕ ಅಪಘಾತಗಳ ಕಾಯ್ದೆ ಬಂತು; ಇಂದಿಗೂ ಜಾರಿಯಲ್ಲಿದೆ. ಅದರಂತೆ ದಾವೆಯನ್ನು ಹೂಡುವವನು ಮೃತನ ಪ್ರತಿನಿಧಿ. ಆದರೆ ಅದರ ಫಲ ಹೆಂಡತಿ, ಗಂಡ, ತಂದೆತಾಯಿ, ಮಕ್ಕಳು ಇವರಿಗೆ ಮಾತ್ರ. ತಂದೆತಾಯಿ ಎಂಬಲ್ಲಿ ಅಜ್ಜ ಅಜ್ಜಿಯರೂ, ಮಕ್ಕಳು ಎಂಬಲ್ಲಿ ಮೊಮ್ಮಕ್ಕಳೂ ಮಲಮಕ್ಕಳೂ ಸೇರುತ್ತಾರೆ. ಅಣ್ಣ ತಮ್ಮ ಅಕ್ಕ ತಂಗಿಯರು ಅಲ್ಲಿಲ್ಲ.

ಆ ಕಾಯ್ದೆ ಬಂದಾಗ ನಮ್ಮ ಈ ನಾಡು ಮದರಾಸು ಪ್ರಾಂತದ ಕೆನರಾ ಜಿಲ್ಲೆಯಲ್ಲಿತ್ತು, ನಮ್ಮಂಥ ಮನೆತನಗಳಲ್ಲಿ ಅಳಿಯಕಟ್ಟು ನಡೆಯುತ್ತಿತ್ತು. ಸೊತ್ತು ಹೆಣ್ಣಿನ ಸಂತತಿಯಲ್ಲಿ ಇಳಿಯುವುದು. ಮನೆಯ ಆಡಳಿತ ನಡೆಸುವವನು ಹೆಚ್ಚಾಗಿ ಸೋದರಮಾವ. ಅವನ ಬಳಿಕ ಅದು ಅವನ ಮಕ್ಕಳಿಗಲ್ಲ, ತಂಗಿಯ ಮಕ್ಕಳಿಗೆ. ಈ ಕಟ್ಟು ಹುಟ್ಟಿದ ಕತೆಯನ್ನು ತುಳುನಾಡಿನ ಮಕ್ಕಳೆಲ್ಲ ಕೇಳಿದ್ದಾರೆ. ಕುಂಡೋದರನೆಂಬ ಭೂತ ರಾಜನಲ್ಲಿ ಬಲಿ ಕೇಳಿತು. ರಾಣಿ ತನ್ನ ಮಗನನ್ನು ಕೊಡಲು ಒಪ್ಪಲಿಲ್ಲ. ರಾಜನ ತಂಗಿ ತನ್ನ ಮಗನನ್ನು ಒಪ್ಪಿಸಿದಳು. ಭೂತ ಮೆಚ್ಚಿ ಅವನನ್ನು ಉಳಿಸಿತು, ಅವನೇ ಭೂತಾಳಪಾಂಡ್ಯನಾಗಿ ಪಟ್ಟವೇರಿದ. ಕತೆ ಎಷ್ಟು ಸತ್ಯವೋ ನಮಗೆ ಬೇಡ. ಮನೆಯ ಹಕ್ಕು ಯಾರಿಗೆ ಎಂಬ ಪ್ರಶ್ನೆಗೆ, ನಷ್ಟವನ್ನು ಹೊತ್ತವರು ಯಾರು ಎಂದು ನೋಡಿ ಉತ್ತರ ಹೇಳಿದ ಕತೆ ಅದು. 1855ರ ಕಾಯ್ದೆಯನ್ನು ಬರೆದವರಿಗೆ ಇಂಥ ಮನೆಯೊಂದು ಕಣ್ಣಿಗೆ ಬಿದ್ದಿರಲಾರದು.

ಆಮೇಲೆ ಅಳಿಯಕಟ್ಟು ಹಂತಹಂತವಾಗಿ ಕರಗಿತು. 1949ರ ಮದರಾಸು ಅಳಿಯಸಂತಾನ ಕಾಯ್ದೆ ಪಾಲಿಗೆ ದಾರಿ ಮಾಡಿತು. 1956ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂತು. ಅದೇ ವರ್ಷದ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಕೇರಳದ 1975ರ ಕಾಯ್ದೆ 1976ರ ಡಿಸೆಂಬರ್ 1ರಿಂದ ಅವಿಭಕ್ತ ಹಿಂದೂ ಕುಟುಂಬ ಪದ್ಧತಿಯನ್ನೇ ರದ್ದುಗೊಳಿಸಿತು. ಕಾಗದದಲ್ಲಿ ಎಲ್ಲವೂ ಮುಗಿಯಿತು. ಮಾವನಿಗೆ ಮಾತ್ರ ಇದನ್ನು ಯಾರೂ ತಿಳಿಸಿರಲಿಲ್ಲವೆಂದು ತೋರುತ್ತದೆ. ತಂಗಿ ವಿಧವೆಯಾದ ದಿನ ಅವರು ಯಾವ ಕಾಯ್ದೆಯನ್ನೂ ತೆರೆದು ನೋಡದೆ ಬಾಡಿಗೆ ಜೀಪು ಮಾಡಿಕೊಂಡು ಬಂದಿದ್ದರು.

ವಕೀಲರು ಹೇಳಿದ ಮಾತುಗಳಲ್ಲಿ ನಮ್ಮನ್ನು ಬೆಚ್ಚಿಬೀಳಿಸಿದ್ದು ಇದು: ಸತ್ತ ಬಗೆ ಬದಲಾದರೆ ಕುಟುಂಬವೂ ಬದಲಾಗುತ್ತದೆ. ನಮ್ಮ ಕಡೆ ತೋಟದಲ್ಲಿ ಅಲ್ಯೂಮಿನಿಯಂ ಏಣಿ ವಿದ್ಯುತ್ ತಂತಿಗೆ ತಾಗಿ ಜನ ಸಾಯುವುದುಂಟು. ಮಾವ ಹಾಗೆ ಸತ್ತಿದ್ದು, ನಾವು 1855ರ ಕಾಯ್ದೆಯಂತೆ ದಾವೆ ಹೂಡಿದ್ದರೆ, ಆ ಪಟ್ಟಿಯಲ್ಲಿ ಅಮ್ಮನಿಗೆ ಸ್ಥಾನವಿಲ್ಲ. ಅವರು ಎಲ್ಲಿಯಾದರೂ ಕೂಲಿಗೆ ಹೋಗಿ ಕೆಲಸದಲ್ಲಿ ಸತ್ತಿದ್ದರೆ 1923ರ ನೌಕರರ ಪರಿಹಾರ ಕಾಯ್ದೆ. 2025ರವರೆಗೆ ಜಾರಿಯಲ್ಲಿದ್ದ ಆ ಕಾಯ್ದೆಯ ಪಟ್ಟಿಯಲ್ಲಿ ವಿಧವೆ ಸಹೋದರಿ ಇದ್ದಳು, ಆದರೆ ಅವಳು ಅಪ್ರಾಪ್ತ ವಯಸ್ಕಳಾಗಿದ್ದರೆ ಮಾತ್ರ. ಹೆದ್ದಾರಿಗೆ ಕೂಗಳತೆಯಲ್ಲಿಯೇ ರೈಲು ಹಳಿಯಿದೆ. ಮಾವ ಟಿಕೆಟು ಪಡೆದು ರೈಲಿನಲ್ಲಿ ಹೋಗುತ್ತಿರುವಾಗ ದುರಂತವಾಗಿದ್ದರೆ 1989ರ ರೈಲ್ವೆ ಕಾಯ್ದೆ. ಅದು ಮೃತನನ್ನು ಅವಲಂಬಿಸಿದ್ದ ವಿಧವೆ ಸಹೋದರಿಯನ್ನು ಸ್ಪಷ್ಟವಾಗಿ ಹೆಸರಿಸುತ್ತದೆ, ವಯಸ್ಸು ಕೇಳುವುದಿಲ್ಲ. ಬಡಿದದ್ದು ಲಾರಿಯಾದ್ದರಿಂದ ನಮಗೆ ಅನ್ವಯವಾದದ್ದು 1988ರ ಮೋಟಾರು ವಾಹನ ಕಾಯ್ದೆ. ಅದರ 166ನೆಯ ಕಲಮು ಸಂಬಂಧಗಳ ಪಟ್ಟಿಯನ್ನೇ ಕೊಡುವುದಿಲ್ಲ. ಮೃತನ ಕಾನೂನುಬದ್ಧ ಪ್ರತಿನಿಧಿಗಳೆಲ್ಲರೂ ಅಥವಾ ಅವರಲ್ಲಿ ಯಾರೇ ಆದರೂ ಅರ್ಜಿ ಹಾಕಬಹುದು ಎನ್ನುತ್ತದೆ. ಸೇರದೆ ಉಳಿದವರನ್ನು ಎದುರುಪಕ್ಷದಲ್ಲಿ ಸೇರಿಸಬೇಕು.

ಆ "ಪ್ರತಿನಿಧಿ" ಎಂಬ ಮಾತಿನ ಅರ್ಥವನ್ನು ಸರ್ವೋಚ್ಚ ನ್ಯಾಯಾಲಯ ಕಾಲಕಾಲಕ್ಕೆ ಹಿಗ್ಗಿಸುತ್ತ ಬಂದಿದೆ. 1987ರಲ್ಲಿ ಗುಜರಾತಿನ ಸಾರಿಗೆ ಸಂಸ್ಥೆಯೊಂದರ ಮೊಕದ್ದಮೆಯಲ್ಲಿ ಮೃತನ ಸಹೋದರರ ಅರ್ಜಿಯನ್ನು ಎತ್ತಿಹಿಡಿಯುತ್ತ, ಭಾರತದ ಮನೆಗಳಲ್ಲಿ ಅಣ್ಣತಮ್ಮಂದಿರು, ಅಕ್ಕತಂಗಿಯರು, ಅವರ ಮಕ್ಕಳು, ಕೆಲವೊಮ್ಮೆ ಸಾಕುಮಕ್ಕಳು ಕೂಡ ದುಡಿಯುವ ಒಬ್ಬನನ್ನು ನೆಚ್ಚಿ ಬದುಕುತ್ತಾರೆ, 1855ರ ಪಟ್ಟಿಯನ್ನು ತೋರಿಸಿ ಅವರನ್ನು ಹೊರಗಿಡುವುದು ಸಲ್ಲದು ಎಂಬರ್ಥದ ಮಾತನ್ನು ಅದು ಹೇಳಿತು. 2007ರಲ್ಲಿ, ತಂದೆಯನ್ನು ಅವಲಂಬಿಸಿಲ್ಲದ ಮದುವೆಯಾದ ಮಗಳೂ ಪ್ರತಿನಿಧಿಯೇ ಎಂದಿತು. 2014ರಲ್ಲಿ ಕ್ರೈಸ್ತ ಸಂನ್ಯಾಸಿ ಸಂಘವೊಂದು ತನ್ನ ಸಹೋದರ ಸಂನ್ಯಾಸಿಯ ಸಾವಿಗೆ ಪರಿಹಾರ ಕೇಳಬಹುದೆಂದಿತು. ನಮ್ಮ ಅರ್ಜಿ ಇನ್ನೂ ವಿಚಾರಣೆಯಲ್ಲಿರುವಾಗಲೇ, 2021ರ ಅಕ್ಟೋಬರಿನಲ್ಲಿ, ಕೇರಳದ್ದೇ ಒಂದು ಮೊಕದ್ದಮೆಯಲ್ಲಿ ಅಳಿಯನ ಮನೆಯಲ್ಲಿ ವಾಸವಾಗಿದ್ದ ಅತ್ತೆಯೂ ಕಾನೂನುಬದ್ಧ ಪ್ರತಿನಿಧಿಯೆಂದು ತೀರ್ಪಾಯಿತು. ಅಂದು ನಮ್ಮ ವಕೀಲರು ಫೋನು ಮಾಡಿ, "ಅತ್ತೆಗೆ ಉಂಟೆಂದಾದರೆ ತಂಗಿಗೆ ಇಲ್ಲವೆನ್ನಲು ಬಾರದು" ಎಂದು ಉತ್ಸಾಹದಿಂದ ಹೇಳಿದರು.

ಆದರೆ ಅರ್ಜಿ ಹಾಕುವ ಹಕ್ಕು ಒಂದು, ಹಣ ಸಿಗುವುದು ಇನ್ನೊಂದು. 2009ರಲ್ಲಿ ಸರಳಾ ವರ್ಮಾ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವೇ ಲೆಕ್ಕದ ಪದ್ಧತಿಯನ್ನು ನಿಗದಿಪಡಿಸಿದೆ. ಅದರಂತೆ ಅವಿವಾಹಿತನು ತನ್ನ ಸಂಪಾದನೆಯ ಅರ್ಧವನ್ನು ತನಗಾಗಿಯೇ ಖರ್ಚು ಮಾಡುತ್ತಾನೆಂದು ಹಿಡಿಯಬೇಕು. ಬೇರೆ ಪುರಾವೆಯಿಲ್ಲದಿದ್ದರೆ ಸಹೋದರ ಸಹೋದರಿಯರು ಅವಲಂಬಿತರಲ್ಲ. ಅವರು ಸ್ವಂತ ದುಡಿಯುತ್ತಾರೆ, ಇಲ್ಲವೆ ಮದುವೆಯಾಗಿರುತ್ತಾರೆ, ಇಲ್ಲವೆ ತಂದೆಯ ಆಶ್ರಯದಲ್ಲಿರುತ್ತಾರೆ. ಮದುವೆಯಾಗಿ, ಗಂಡನನ್ನು ಕಳೆದುಕೊಂಡು, ತಂದೆಯೂ ಇಲ್ಲದೆ ಅಣ್ಣನ ಮನೆಗೆ ಬಂದವಳು ಈ ಮೂರರಲ್ಲಿ ಎಲ್ಲಿಯೂ ಇಲ್ಲ. ಅವಳು ಪುರಾವೆ ತರಬೇಕು. ಎರಡು ಅಂಗಿ, ಒಂದು ಸ್ಕೂಟರು, ದಿನಕ್ಕೆ ನಾಲ್ಕು ವೀಳ್ಯದೆಲೆಯಲ್ಲಿ ಬದುಕಿದ ಮಾವ ಅರ್ಧ ಸಂಪಾದನೆಯನ್ನು ಎಲ್ಲಿ ಖರ್ಚು ಮಾಡುತ್ತಿದ್ದರೆಂದು ನಾವು ಆಮೇಲೆ ಹಲವು ಸಲ ಯೋಚಿಸಿದ್ದೇವೆ.

ಪುರಾವೆಯ ಕತೆ ದೊಡ್ಡದು. ಮಂಗಳೂರಿನಲ್ಲಿ ತೀರಿಕೊಂಡದ್ದರಿಂದ ಮರಣಪತ್ರ ಕನ್ನಡ ಮತ್ತು ಇಂಗ್ಲಿಷಿನಲ್ಲಿ, ಪೋಲೀಸರ ಎಫ್‌ಐಆರ್ ಮಲಯಾಳದಲ್ಲಿ, ಅರ್ಜಿ ಇಂಗ್ಲಿಷಿನಲ್ಲಿ. ಒಂದರಲ್ಲಿ ಮಾವನ ಹೆಸರಿನ ಮುಂದೆ ಮನೆಯ ಹೆಸರು, ಇನ್ನೊಂದರಲ್ಲಿ ಹಿಂದೆ, ಮೂರನೆಯದರಲ್ಲಿ ಅದು ಇಲ್ಲವೇ ಇಲ್ಲ. ಇವರೆಲ್ಲ ಒಬ್ಬರೇ ಎಂದು ವಿಲೇಜ್ ಆಫೀಸರರಿಂದ ಪ್ರಮಾಣಪತ್ರ ತಂದೆವು. ವಾರಸು ಪ್ರಮಾಣಪತ್ರಕ್ಕೆ ತಹಶೀಲ್ದಾರರಲ್ಲಿ ಅರ್ಜಿ ಕೊಟ್ಟು, ಗೆಜೆಟಿನ ಪ್ರಕಟಣೆಗಾಗಿ ಕಾದೆವು. ಮಾವ ಲೆಕ್ಕದ ಪುಸ್ತಕವನ್ನು ಅಚ್ಚುಕಟ್ಟಾದ ಕನ್ನಡದಲ್ಲಿ ಬರೆದಿಡುತ್ತಿದ್ದರು. ಅದನ್ನು ಅನುವಾದ ಮಾಡಿಸಿ ಹಾಜರುಪಡಿಸಿದಾಗ ಹೊಸದೊಂದು ತೊಡಕು ಬಂತು. ಪ್ರತಿ ಶನಿವಾರ "ಮನೆಗೆ" ಎಂದು ಬರೆದು ಮುಂದೆ ಮೊತ್ತವನ್ನು ನಮೂದಿಸಿದ್ದರು. "ಮನೆಗೆ ಎಂದರೆ ಅವರ ಸ್ವಂತ ಖರ್ಚು. ತಂಗಿಗೆ ಎಂದು ಎಲ್ಲಿದೆ?" ಎಂದು ಕಂಪೆನಿಯ ವಕೀಲರು ಕೇಳಿದರು. ಇಪ್ಪತ್ತು ವರ್ಷಗಳ ಪುಸ್ತಕಗಳನ್ನು ತಿರುವಿ ಹಾಕಿದರೂ ತಂಗಿಗೆ ಎಂಬ ಮಾತು ಒಂದು ಕಡೆಯೂ ಸಿಗಲಿಲ್ಲ.

ಇನ್ನೊಂದು ಕಡೆ, ವಾರಸು ಪ್ರಮಾಣಪತ್ರದಲ್ಲಿ ಎರಡೇ ಹೆಸರುಗಳು ಬಂದವು: ಅಮ್ಮ, ಮತ್ತು ಮುಂಬಯಿಯಲ್ಲಿ ನೆಲೆಸಿರುವ ದೊಡ್ಡ ಮಾವ. ಉತ್ತರಾಧಿಕಾರ ಕಾಯ್ದೆಯ ಎರಡನೆಯ ವರ್ಗದಲ್ಲಿ ಸಹೋದರ ಸಹೋದರಿಯರು ಒಂದೇ ಸಾಲಿನಲ್ಲಿದ್ದಾರೆ; ಸಹೋದರಿಯ ಮಕ್ಕಳು ಅವರಿಗಿಂತ ಎರಡು ಮೆಟ್ಟಿಲು ಕೆಳಗೆ. ಅಮ್ಮ ಇರುವವರೆಗೆ ನಾವು ಮಾವನಿಗೆ ಏನೂ ಅಲ್ಲ. ಹಿಂದಿನ ಕಟ್ಟಿನಲ್ಲಿ ಆ ಮನೆ ಇಳಿದುಬರುತ್ತಿದ್ದದ್ದೇ ಅಮ್ಮನಿಗೂ ಅವಳ ಮಕ್ಕಳಾದ ನಮಗೂ. ಚಿತೆಗೆ ಬೆಂಕಿಯಿಟ್ಟವನು, ಬೊಜ್ಜದಂದು ಮುಂದೆ ನಿಂತವನು ನಮ್ಮ ಕಿರಿಯವನು. ವಕೀಲರು ನಮ್ಮ ಮೂವರನ್ನೂ ಎರಡು, ಮೂರು, ನಾಲ್ಕನೆಯ ಅರ್ಜಿದಾರರೆಂದು ಸೇರಿಸಿಯೇ ಇದ್ದರು. "ಕೊಡುವುದಿಲ್ಲವೆಂದರೆ ಅವರು ಹೇಳಲಿ, ನಾವೇ ಯಾಕೆ ಬಿಟ್ಟುಕೊಡಬೇಕು?" ಎಂಬುದು ಅವರ ವಾದ. ನಿಜ ಹೇಳುವುದಾದರೆ ಆಗ ನಮ್ಮಲ್ಲಿ ಇಬ್ಬರಿಗೆ ಕೆಲಸವಿತ್ತು, ಹಿರಿಯವಳು ಪುತ್ತೂರಿನಲ್ಲಿ ಸಂಸಾರವಂದಿಗೆ. ಹೊಟ್ಟೆಗೆ ನಾವು ಮಾವನನ್ನು ನೆಚ್ಚಿರಲಿಲ್ಲ. ಆದರೂ ಆ ಕಾಗದದಲ್ಲಿ ನಮ್ಮ ಹೆಸರು ಇರಲಿ ಎಂಬ ಆಸೆ ಮೂವರಿಗೂ ಇತ್ತು. ಅದು ಹಣದ ಆಸೆಯಲ್ಲವೆಂದು ನಮಗೆ ನಾವೇ ಎಷ್ಟೋ ಸಲ ಹೇಳಿಕೊಂಡಿದ್ದೇವೆ.

ದೊಡ್ಡ ಮಾವ ಮೂವತ್ತು ವರ್ಷಗಳಲ್ಲಿ ಊರಿಗೆ ಬಂದದ್ದು ಬೆರಳೆಣಿಕೆಯಷ್ಟು ಸಲ. ಎದುರುಪಕ್ಷದಲ್ಲಿ ತನ್ನ ಹೆಸರನ್ನು ಕಂಡು ಮೊದಲು ಸಿಟ್ಟಾದರು. ಆಮೇಲೆ ಕೊರೋನಾದ ಕಾಲ, ತಲಪಾಡಿಯಲ್ಲಿ ಗಡಿ ಮುಚ್ಚಿತು, ಕಲಾಪಗಳು ನಿಂತವು. ಎಲ್ಲ ತೆರೆದ ಮೇಲೆ ಅವರು ಕೋಲೂರಿಕೊಂಡು ಬಂದು, ತನಗೇನೂ ಬೇಡ, ತಮ್ಮ ಸಾಕಿದ್ದು ತಂಗಿಯನ್ನು, ಪರಿಹಾರ ಅವಳಿಗೇ ಸಲ್ಲಲಿ ಎಂದು ಹೇಳಿಕೆ ಕೊಟ್ಟು ಹೋದರು. ಅವರ ಮಾತನ್ನು ನ್ಯಾಯಮಂಡಳಿ ಬಹಳ ಗಮನದಿಂದ ಕೇಳಿತು. ಲೆಕ್ಕದ ಪುಸ್ತಕಗಳಿಗಿಲ್ಲದ ಬೆಲೆ ವಾರಸುದಾರನೊಬ್ಬ ಬಿಟ್ಟುಕೊಟ್ಟ ಮಾತಿಗೆ ಇತ್ತು.

ಆ ದಿನದ ಪಾಟೀಸವಾಲಿಗೆ ಮರಳುತ್ತೇವೆ. ಅವಲಂಬಿಸಿದ್ದು ಯಾರು ಯಾರನ್ನು ಎಂದು ವಕೀಲರು ಕೇಳಿದ ಮೇಲೆ ಅಮ್ಮ ಬಹಳ ಹೊತ್ತು ಸುಮ್ಮನಿದ್ದಳು. ಅಲ್ಲಿದ್ದವರಲ್ಲಿ ಅರ್ಧಕ್ಕರ್ಧ ಜನ ಮರುಮಕ್ಕತ್ತಾಯದ ಅಥವಾ ಅಳಿಯಕಟ್ಟಿನ ಮನೆಗಳಿಂದಲೇ ಬಂದವರಿರಬೇಕು. ಅಮ್ಮಾವನ್ ಎಂದರೇನು, ತಮ್ಮಲೆ ಎಂದರೇನು ಎಂದು ತಿಳಿಯದವರು ಅವರಲ್ಲಿ ಯಾರಿದ್ದರು? ಅಮ್ಮ ತುಳುವಿನಲ್ಲಿ ಹೇಳಿದಳು: "ಕಾರ್ಡು ನನ್ನ ಹೆಸರಿನಲ್ಲಿ. ಅಕ್ಕಿಯ ಚೀಲ ಹೊತ್ತು ತರುತ್ತಿದ್ದದ್ದು ಅಣ್ಣ. ಅವನು ಉಣ್ಣದೆ ನಾನು ಉಂಡದ್ದಿಲ್ಲ, ನಾನು ಬಡಿಸದೆ ಅವನು ಉಂಡದ್ದಿಲ್ಲ. ಇದರಲ್ಲಿ ಯಾರು ಯಾರನ್ನು ಎಂದು ನಾನು ಹೇಗೆ ಹೇಳಲಿ?" ನಮ್ಮ ವಕೀಲರು ಅದನ್ನು ಮಲಯಾಳಕ್ಕೆ ತಂದರು, ನ್ಯಾಯಾಧೀಶರು ಇಂಗ್ಲಿಷಿನಲ್ಲಿ ಬರೆಯಿಸಿದರು. ಕಡತದಲ್ಲಿ ಉಳಿದದ್ದು ಒಂದೇ ಸಾಲು: ಮೃತನು ಸಾಕ್ಷಿದಾರಳನ್ನು ಪೋಷಿಸುತ್ತಿದ್ದನು. ನಮಗೆ ಬೇಕಾಗಿದ್ದದ್ದೂ ಆ ಒಂದು ಸಾಲೇ ಎಂದು ವಕೀಲರು ಹೊರಗೆ ಬಂದ ಮೇಲೆ ಸಮಾಧಾನ ಹೇಳಿದರು.

2023ರ ಆರಂಭದಲ್ಲಿ ತೀರ್ಪು ಬಂತು. ತೋಟ ಇದ್ದಲ್ಲಿಯೇ ಇದೆ, ವಾರಸುದಾರರಿಗೆ ಬಂದಿದೆ, ಆದ್ದರಿಂದ ಅದರ ಆದಾಯ ನಷ್ಟವಲ್ಲ. ಅಂಗಡಿಯ ಸಂಪಾದನೆ ತಿಂಗಳಿಗೆ 12,000 ಎಂದು ಹಿಡಿದರು. ಸ್ವಂತ ವ್ಯವಹಾರದವನು, ವಯಸ್ಸು 50 ದಾಟಿದ್ದರಿಂದ ಮುಂದಿನ ಏರಿಕೆಗೆಂದು ನೂರಕ್ಕೆ ಹತ್ತು; ಅವಿವಾಹಿತನಾದ್ದರಿಂದ ಅರ್ಧ ಕಡಿತ; 58ರ ವಯಸ್ಸಿಗೆ ಒಂಬತ್ತರ ಗುಣಕ. ಒಟ್ಟು 7,12,800. ಅಂತ್ಯಕ್ರಿಯೆಯ ಖರ್ಚಿಗೆ 16,500, ಮೃತನ ಸೊತ್ತಿಗಾದ ನಷ್ಟಕ್ಕೆ 16,500. ಮೊದಲಿನ ಎರಡು ಅಮ್ಮನಿಗೆ. ಕೊನೆಯದು ಸೊತ್ತಿನ ಬಾಬ್ತಾದ್ದರಿಂದ ವಾರಸುದಾರರಿಬ್ಬರಿಗೂ ಸಮಪಾಲು. ಎರಡು, ಮೂರು, ನಾಲ್ಕನೆಯ ಅರ್ಜಿದಾರರು ಪ್ರಾಪ್ತವಯಸ್ಕರು, ಅವಲಂಬಿತರಲ್ಲ, ಮೊದಲನೆಯ ಅರ್ಜಿದಾರಳು ಜೀವಿಸಿರುವುದರಿಂದ ವಾರಸುದಾರರೂ ಅಲ್ಲ, ಅವರಿಗೆ ಪಾಲಿಲ್ಲ.

ದೊಡ್ಡ ಮಾವನಿಗೆ ಫೋನಿನಲ್ಲಿ ಇದನ್ನು ತಿಳಿಸಿದಾಗ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. "ನನ್ನ ಪಾಲಿಗೆ ತಮ್ಮ 8,250 ರೂಪಾಯಿ" ಎಂದು ಆಮೇಲೆ ಹೇಳಿದರು. ನಗುತ್ತಿದ್ದರೋ ಅಳುತ್ತಿದ್ದರೋ ತಿಳಿಯಲಿಲ್ಲ. ಆ ಹಣವನ್ನು ಅವರು ಕಿರಿಯವನ ಖಾತೆಗೆ ಹಾಕಿದರು. ಬೊಜ್ಜದ ಖರ್ಚು ಮಾಡಿದವನು ಅವನೆಂದು ಯಾರೋ ಹೇಳಿದ್ದರಂತೆ.

ಸಹಕಾರಿ ಸಂಘದ ಸಾಲ ಬಡ್ಡಿ ಸಹಿತ ತೀರಿತು. ಉಳಿದದ್ದನ್ನು ಅಮ್ಮನ ಹೆಸರಿನಲ್ಲಿ ಠೇವಣಿ ಇಟ್ಟೆವು. ಇಂದು ಯಾರಿಗಾದರೂ ಇಂಥದು ಒದಗಿದರೆ ಒಂದು ವಿಷಯ ತಿಳಿದಿರಲಿ: ನಾವು ಅರ್ಜಿ ಹಾಕಿದಾಗ ಕಾಯ್ದೆಯಲ್ಲಿ ಅವಧಿಯ ಮಿತಿಯಿರಲಿಲ್ಲ, 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ಅಮ್ಮನ ಸಂಕೋಚ ಕರಗಲು ಹಿಡಿದ ಕಾಲವೇ ಎಂಟು ತಿಂಗಳು.

ಆ ವರ್ಷದ ಕೊನೆಗೆ ರೇಷನ್ ಕಾರ್ಡಿನಿಂದ ಮಾವನ ಹೆಸರನ್ನು ತೆಗೆಸಲು ಅಮ್ಮನೊಡನೆ ಅಕ್ಷಯ ಕೇಂದ್ರಕ್ಕೆ ಹೋದೆವು. ಅಲ್ಲಿಯವರೆಗೆ ಅವಳು ಒಪ್ಪಿರಲಿಲ್ಲ. ಕಂಪ್ಯೂಟರಿನ ಮುಂದೆ ಕುಳಿತಿದ್ದ ಹುಡುಗ ಕಾರಣ ಎಂಬಲ್ಲಿ ಮರಣ ಎಂದು ತುಂಬಿಸಿ, ಮರಣಪತ್ರವನ್ನು ಸೇರಿಸಿ, ಮುಗಿಯಿತೆಂದ. ಅಮ್ಮ ಹಳೆಯ ಕಾರ್ಡಿನ ಒಂದು ಪ್ರತಿ ಬೇಕೆಂದಳು. ಅದು ಇನ್ನು ಎಲ್ಲಿಯೂ ನಡೆಯುವುದಿಲ್ಲ ಎಂದು ಅವನು ತಿಳಿಯಹೇಳಿದ.

"ಅಡ್ಡಿಯಿಲ್ಲ ಮಗಾ, ಒಂದು ತೆಗೆದುಕೊಡು" ಎಂದಳು ಅಮ್ಮ, ಸೆರಗಿನ ತುದಿಯ ಗಂಟಿನಿಂದ ಹತ್ತು ರೂಪಾಯಿ ಬಿಚ್ಚುತ್ತ.